ಹನ್ನೆರಡು ಬೆಂಚುಗಳ ಉಪದೇಶಕರು

ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆಗಳ ನಡುವೆ ಅಲ್ಲಲ್ಲಿ ಚದುರಿಕೊಂಡಿರುವ ಸಣ್ಣ ಸಣ್ಣ ಕ್ರೈಸ್ತ ಸಭೆಗಳಲ್ಲಿ ಮೂವತ್ತೆರಡು ವರ್ಷ ಉಪದೇಶಕರಾಗಿ ದುಡಿದು, ೧೯೬೭ರ ಈ ಜೂನ್ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಶ್ರೀ ತಿಮೊಥಿ ಕುಂದರ್ ಅವರನ್ನು ಅಭಿನಂದಿಸುವ ಅವಕಾಶ ಒದಗಿದ್ದು ಮುಳಿಪದವು ಸಭೆಯ ಭಾಗ್ಯವೇ ಸರಿ. ಸಭಾಪಾಲಕರಿಗೆ ನಿಲುವಂಗಿಯುಂಟು, ಪೀಠವುಂಟು, ಮಂಗಳೂರಿನಲ್ಲಿ ಒಂದು ಮನೆಯುಂಟು. ಉಪದೇಶಕನಿಗೆ ಇರುವುದು ಒಂದು ಕೊಡೆ, ಒಂದು ಕೈಚೀಲ, ಮತ್ತು ಕಣ್ಣೆದುರೇ ತಪ್ಪಿಹೋಗುವ ಬಸ್ಸು. ದೀಕ್ಷಾಸ್ನಾನ ಕೊಡುವ ಅಧಿಕಾರ ಅವನಿಗಿಲ್ಲ. ಆದರೆ ಅದಕ್ಕೆ ಜನರನ್ನು ಸಿದ್ಧಪಡಿಸುವವನು ಅವನೇ. ಮದುವೆ ಮಾಡಿಸುವವನು ಅವನಲ್ಲ; ಆದರೆ ಮದುವೆಯಾದವರ ಜಗಳ ಬಿಡಿಸುವ ಕೆಲಸ ಮಾತ್ರ ಅವನ ಪಾಲಿಗೆ ತಪ್ಪಿದ್ದಲ್ಲ. ಇಂಥ ವೃತ್ತಿಯಲ್ಲಿ ಹೆಸರು ಮಾಡುವುದು ಸುಲಭದ ಮಾತಲ್ಲ, ಮತ್ತು ಕುಂದರ್ ಅವರು ಅದಕ್ಕೆ ಪ್ರಯತ್ನ ಪಟ್ಟವರೂ ಅಲ್ಲ.

ಈ ಸಂಪುಟಕ್ಕೆ ಅವರ ಸಾಧನೆಗಳ ಪಟ್ಟಿಯೊಂದು ಬೇಕೆಂದು ಸಂಪಾದಕರು ಕೇಳಿದಾಗ ಅವರು ಮೂರು ದಿನ ಉತ್ತರವನ್ನೇ ಕೊಡಲಿಲ್ಲ. ನಾಲ್ಕನೆಯ ದಿನ ಒಂದು ಕಾರ್ಡು ಬಂತು. ಬೆಂಚಿನ ಸಂಗತಿಯನ್ನು ಬರೆಯುವುದಾದರೆ ಬರೆಯಿರಿ, ಅದನ್ನು ಮುಚ್ಚಿಟ್ಟು ನನ್ನನ್ನು ಹೊಗಳುವುದಾದರೆ ದಯವಿಟ್ಟು ಬೇಡ ಎಂದು ಅದರಲ್ಲಿತ್ತು. ಅಭಿನಂದನೆಯ ಪುಸ್ತಕದಲ್ಲಿ ಒಬ್ಬರ ತಪ್ಪನ್ನು ಬರೆಯುವುದು ಹೇಗೆಂದು ಸಂಪಾದಕರು ತಲೆ ತುರಿಸಿಕೊಂಡರು. ಆದರೆ ಕುಂದರ್ ಅವರನ್ನು ಮಾಸ್ಟ್ರು ಎಂದೇ ಕರೆಯುವ, ಮಾಸ್ಟ್ರ ಮಾತು ಮೀರಿ ಅಭ್ಯಾಸವಿಲ್ಲದ ಊರು ಇದು. ಆದ್ದರಿಂದ ಬೆಂಚಿನ ಸಂಗತಿಯನ್ನೇ ಇಲ್ಲಿ ವಿಸ್ತಾರವಾಗಿ ಬರೆಯಲಾಗಿದೆ.

ಕುಂದರ್ ಅವರು ಹುಟ್ಟಿದ್ದು ೧೯೦೭ರಲ್ಲಿ, ಬಂಟ್ವಾಳದ ಪೇಟೆಯಲ್ಲಿ. ತಂದೆ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದವರು. ಮಗ ಪ್ರಾಥಮಿಕ ಶಾಲೆಯ ಅಧ್ಯಾಪಕರಾಗಿ, ೧೯೩೫ರಲ್ಲಿ ಅಲ್ಲಿಯ ಸಣ್ಣ ಸಭೆಗೆ ಉಪದೇಶಕರೂ ಆದರು. ಎರಡು ಕೆಲಸ, ಒಂದೇ ಸಂಬಳ. ನೇತ್ರಾವತಿ ಪೇಟೆಯೊಳಕ್ಕೆ ನುಗ್ಗಿದ ಒಂದು ಮಳೆಗಾಲದಲ್ಲಿ ಮೊಯಿದಿನಬ್ಬ ಎಂಬವರ ದೋಣಿ ಬಾಗಿಲಿಗೆ ಬಂದಾಗ, ಅದರಲ್ಲಿ ಇನ್ನು ಒಂದೇ ಒಂದು ಹೊರೆಗೆ ಜಾಗವಿತ್ತಂತೆ. ಸಭೆಯವರು ಹಾರ್ಮೋನಿಯಂ ಎತ್ತಿಕೊಡಿ ಎಂದು ಕೂಗುತ್ತಿದ್ದರೆ ಇವರು ನೆರೆಮನೆಯ ರುಖಿಯಮ್ಮನ ಎರಡು ಆಡುಗಳನ್ನು ಹತ್ತಿಸಿದರು. ಹಾರ್ಮೋನಿಯಂ ನೀರು ಕುಡಿದು ಸತ್ತಿತು. ಸಭೆಯ ಹಿರಿಯರು ಲೆಕ್ಕ ಕೇಳಿದಾಗ, ಹಾಡಲು ನಮಗೆ ಗಂಟಲುಂಟು, ರುಖಿಯಮ್ಮನ ಮೊಮ್ಮಕ್ಕಳ ಹಾಲಿಗೆ ಬೇರೆ ದಾರಿಯಿಲ್ಲ ಎಂದರು. ಮೊಯಿದಿನಬ್ಬರು ಈಗಲೂ ಈ ಕತೆ ಹೇಳಿ ನಗುತ್ತಾರೆ.

ಆಮೇಲೆ ಏಳು ವರ್ಷ ಬೆಳ್ತಂಗಡಿಯ ಕಡೆ. ಅಲ್ಲಿ ಗುರುವಾಯನಕೆರೆಯ ಸುತ್ತಮುತ್ತಲಿನ ಮನೆಗಳ ಹುಡುಗರೆಲ್ಲ ಬೊಂಬಾಯಿಯ ಹೋಟೆಲುಗಳಿಗೆ ಹೋಗುತ್ತಿದ್ದ ಕಾಲ. ತುಳು ಮಾತ್ರ ಗೊತ್ತಿದ್ದ, ಅಕ್ಷರ ಕಲಿಯದ ತಾಯಂದಿರಿಗೆ ಮಕ್ಕಳ ಕಾಗದ ಓದಿ ಹೇಳುವುದು, ಉತ್ತರ ಬರೆದು ಕೊಡುವುದು ಕುಂದರ್ ಅವರ ಸಾಯಂಕಾಲದ ಕೆಲಸವಾಯಿತು. ಯಾವ ಜಾತಿ, ಯಾವ ಮತ ಎಂದು ಅವರು ಕೇಳಿದ್ದಿಲ್ಲ. ಕಾಗದದಲ್ಲಿ ಕೆಟ್ಟ ಸುದ್ದಿ ಇದ್ದರೆ ಮೊದಲು ಆ ತಾಯಿಯನ್ನು ಕೂರಿಸಿ, ಒಂದು ಲೋಟ ನೀರು ಕೊಟ್ಟು, ಆಮೇಲೆ ಓದುತ್ತಿದ್ದರು. ನೀರು ಕಂಡ ಕೂಡಲೆ ಹೆಂಗಸರಿಗೆ ಎದೆ ಧಸಕ್ಕೆನ್ನುತ್ತಿತ್ತಾದ್ದರಿಂದ, ಕೊನೆಕೊನೆಗೆ ಸುದ್ದಿ ಒಳ್ಳೆಯದಿದ್ದರೂ ಎಲ್ಲರಿಗೂ ನೀರು ಕೊಡುವ ಕ್ರಮ ಇಟ್ಟುಕೊಂಡರು.

೧೯೫೧ರಲ್ಲಿ ಅವರಿಗೆ ಮುಳಿಪದವಿಗೆ ವರ್ಗವಾಯಿತು. ಮೂಡಬಿದ್ರೆಯಿಂದ ಶಿರ್ತಾಡಿಯ ದಾರಿಯಲ್ಲಿ ಬಸ್ಸಿಳಿದು ಒಂದೂವರೆ ಮೈಲು ನಡೆದರೆ ಸಿಗುವ ಊರು. ಆಗ ಇಲ್ಲಿದ್ದದ್ದು ಹೆಂಚಿನ ಮಾಡಿನ ಒಂದು ಸಣ್ಣ ಪ್ರಾರ್ಥನಾಲಯ, ಹನ್ನೆರಡು ಮನೆ, ಮತ್ತು ಮನೆಗೊಂದರಂತೆ ಚಂದಾ ಎತ್ತಿ ಆಗಷ್ಟೇ ಮಾಡಿಸಿದ ಹನ್ನೆರಡು ಹಲಸಿನ ಮರದ ಬೆಂಚುಗಳು. ಅದಕ್ಕೆ ಮುಂಚೆ ಎಲ್ಲರೂ ಚಾಪೆಯ ಮೇಲೆ ಕೂರುತ್ತಿದ್ದರು, ಗಂಡಸರು ಒಂದು ಬದಿ, ಹೆಂಗಸರು ಒಂದು ಬದಿ. ಬೆಂಚು ಬಂದ ಮೇಲೆ ಪ್ರತಿ ಮನೆಯವರೂ ತಮ್ಮ ತಮ್ಮ ಬೆಂಚಿನಲ್ಲಿ ಒಟ್ಟಿಗೆ ಕೂರತೊಡಗಿದರು.

ಭಾನುವಾರದ ಶಾಲೆಯಲ್ಲಿ ಆ ವರ್ಷದ ಪಾಠ ಇಸ್ರಾಯೇಲರ ಹನ್ನೆರಡು ಕುಲಗಳದು. ದೇವರು ಅಬ್ರಹಾಮನನ್ನು ಕರೆದದ್ದು, ಅವನ ಮೊಮ್ಮಗ ಯಾಕೋಬನಿಗೆ ಹನ್ನೆರಡು ಗಂಡುಮಕ್ಕಳು ಹುಟ್ಟಿದ್ದು, ಆ ಮಕ್ಕಳಿಂದ ಹನ್ನೆರಡು ಕುಲಗಳಾಗಿ ದೇವರು ಆರಿಸಿಕೊಂಡ ಜನವೆಂದು ಹೆಸರು ಪಡೆದದ್ದು, ಇಷ್ಟನ್ನು ಮಕ್ಕಳು ಕತೆಯಾಗಿ ಬಾಯಿ ಬಿಟ್ಟು ಕೇಳಿದರು. ಆದರೆ ಹೆಸರು ಹೇಳಿ ಎಂದರೆ ರೂಬೇನ್, ಸಿಮೆಯೋನ್, ಲೇವಿ, ಯೆಹೂದ ದಾಟುವಷ್ಟರಲ್ಲಿ ನಾಲಗೆ ತೊಡರುತ್ತಿತ್ತು. ನಫ್ತಾಲಿಯಲ್ಲಿ ಎಲ್ಲರೂ ಬೀಳುತ್ತಿದ್ದರು. ಮಾಸ್ಟ್ರು ಎರಡು ವಾರ ತಲೆ ಕೆಡಿಸಿಕೊಂಡು ಒಂದು ಉಪಾಯ ಕಂಡುಹಿಡಿದರು. ಮನೆ ಹನ್ನೆರಡು, ಬೆಂಚು ಹನ್ನೆರಡು, ಕುಲವೂ ಹನ್ನೆರಡು. ಹನ್ನೆರಡು ಚೀಟಿ ಬರೆದು ಟೊಪ್ಪಿಯೊಳಗೆ ಹಾಕಿ, ಮನೆಗೊಂದು ಮಗುವಿನ ಕೈಯಲ್ಲಿ ಎತ್ತಿಸಿದರು. ಬೆಂಚು ಮಾಡಿದ ಧರ್ಣಪ್ಪ ಆಚಾರಿಯವರನ್ನು ಕರೆಸಿ, ಚೀಟಿಯಲ್ಲಿ ಬಂದ ಹೆಸರನ್ನು ಆಯಾ ಬೆಂಚಿನ ಬೆನ್ನಿನ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದರು. ಮುಂದಿನ ತಿಂಗಳೊಳಗೆ ಐದು ವರ್ಷದ ಮಗುವೂ ಹನ್ನೆರಡು ಹೆಸರುಗಳನ್ನು ಬಾಗಿಲಿನಿಂದ ಪೀಠದವರೆಗೆ ನಡೆಯುತ್ತ ಒಪ್ಪಿಸಿತು. ಮಂಗಳೂರಿನಿಂದ ಬಂದ ಸಭಾಪಾಲಕರು ಮಾಸ್ಟ್ರ ಬೆನ್ನು ತಟ್ಟಿದರು.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಮಕ್ಕಳು ಪಾಠ ಕಲಿತು ಮರೆತರು. ಮರೆಯದೆ ಉಳಿದವರು ದೊಡ್ಡವರು.

ಆಟಕ್ಕೆಂದು ಬರೆಸಿದ ಹೆಸರು ಮೂರು ವರ್ಷದಲ್ಲಿ ಮನೆತನದ ಹೆಸರಾಯಿತೆಂದರೆ ಹೊರಗಿನವರು ನಂಬಲಾರರು. ಯೆಹೂದ ರಾಜವಂಶವಲ್ಲವೇ, ಆ ಬೆಂಚಿನವರು ಪವಿತ್ರ ಭೋಜನಕ್ಕೆ ಮೊದಲು ಎದ್ದು ಹೋಗತೊಡಗಿದರು. ಲೇವಿ ಯಾಜಕರ ಕುಲವಾದ್ದರಿಂದ ಕಾಣಿಕೆಯ ಚೀಲ ಹಿಡಿಯುವ ಹಕ್ಕು ತಮ್ಮದೆಂದು ಲೇವಿ ಬೆಂಚಿನವರು ವಾದ ಹೂಡಿದರು. ಇನ್ನೊಂದು ಬೆಂಚಿಗೆ ಬಂದ ದಾನ್ ಕುಲವನ್ನು ಶಾಸ್ತ್ರದಲ್ಲಿ ಹಾವಿಗೆ ಹೋಲಿಸಿದೆಯೆಂದು ಯಾರೋ ಓದಿ ಹೇಳಿದ ಮೇಲೆ ಆ ಬೆಂಚಿನ ಹೆಂಗಸರು ಕಣ್ಣೀರು ಹಾಕಿಕೊಂಡು ಬಂದು, ನಮ್ಮ ಹೆಸರು ಬದಲಿಸಿ ಕೊಡಿ ಎಂದು ಮಾಸ್ಟ್ರ ಜಗಲಿಯಲ್ಲಿ ಕೂತರು. ಒಂದು ಮದುವೆ ಮಾತುಕತೆಯಲ್ಲಿ ಹುಡುಗಿ ಆಶೇರ್ ಬೆಂಚಿನವಳು, ಶಾಸ್ತ್ರದಲ್ಲೇ ಅನ್ನಕ್ಕೆ ಕೊರತೆಯಿಲ್ಲದ ಕುಲ, ಅನುಕೂಲಸ್ಥರು ಎಂಬ ಮಾತು ಬಂತಂತೆ. ಆರು ವರ್ಷದ ಮಗುವೊಂದು ಟೊಪ್ಪಿಯೊಳಗೆ ಕೈ ಹಾಕಿ ಎತ್ತಿದ ಚೀಟಿಗೆ ಇಷ್ಟೆಲ್ಲ! ಮಾಸ್ಟ್ರು ನಕ್ಕು ಬಿಟ್ಟರು. ನಕ್ಕು ಬಿಟ್ಟದ್ದೇ ತನ್ನ ಎರಡನೆಯ ತಪ್ಪು ಎಂದು ಅವರು ಆಮೇಲೆ ಹೇಳುತ್ತಿದ್ದರು.

ಯೆಹೂದ ಬೆಂಚಿನ ಯಜಮಾನರು ಶ್ರೀ ಯೋನಾಥಾನ ಸಾಲಿನ್ಸ್. ಹೆಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದು ನಿವೃತ್ತರಾದವರು, ಸಭೆಯ ಹಿರಿಯರಲ್ಲಿ ಮೊದಲಿಗರು, ಸಭೆಯ ಹಳೆಯ ದಾಖಲೆ ಪುಸ್ತಕವನ್ನು ತಮ್ಮ ಮನೆಯ ಪೆಟ್ಟಿಗೆಯಲ್ಲಿಟ್ಟು ಬೀಗದ ಕೈಯನ್ನು ಸೊಂಟದಲ್ಲಿಟ್ಟುಕೊಂಡವರು. ನೇರ ಮನುಷ್ಯ, ಗಟ್ಟಿ ದನಿ. ಅವರು ಬೆಂಚಿನಲ್ಲಿ ಕೂತರೆ ಉಪದೇಶ ಎಷ್ಟು ಉದ್ದವಾದರೂ ಬೆನ್ನು ಒರಗಿಸುತ್ತಿರಲಿಲ್ಲ.

೧೯೫೮ರ ಮಳೆ ಮುಗಿದ ಮೇಲೆ ಮುಳಿಪದವಿಗೆ ಹದಿಮೂರನೆಯ ಮನೆ ಬಂತು. ಮುಂಡಪ್ಪ ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಕಡಿಯುವವನು, ಹೆಂಡತಿ ದೇಯಿ, ಮೂವರು ಮಕ್ಕಳು. ಉಳ್ಳವರ ಮನೆಯ ಅಂಗಳದಾಚೆ ನಿಂತು ಮಾತಾಡಿಯೇ ಗೊತ್ತಿದ್ದ ಕುಟುಂಬ ಅದು. ಮಗುವಿಗೆ ವಿಷಮಶೀತ ಜ್ವರ ಬಂದಾಗ ಮಾಸ್ಟ್ರು ಹೊತ್ತುಕೊಂಡು ಮೂಡಬಿದ್ರೆಗೆ ನಡೆದದ್ದು ಪರಿಚಯಕ್ಕೆ ಕಾರಣ. ಆದರೆ ಅವರು ಬಂದದ್ದು ಋಣಕ್ಕಾಗಿ ಅಲ್ಲ, ಕೇಳಿ ತಿಳಿದು, ಮನಸ್ಸು ಮಾಡಿ ಬಂದದ್ದು. ಪ್ರಾರ್ಥನೆಗೆ ಹೋಗಲು ತೊಡಗಿದ ದಿನದಿಂದ ಅವರದೇ ಜನ ಅವರನ್ನು ಮದುವೆಗೂ ಕರೆಯಲಿಲ್ಲ, ಸಾವಿಗೂ ಕರೆಯಲಿಲ್ಲ. ಮುಂದಿನ ಈಸ್ಟರ್ ಭಾನುವಾರ ದೀಕ್ಷಾಸ್ನಾನವೆಂದು ಮಂಗಳೂರಿನಿಂದ ದಿನ ಗೊತ್ತಾಗಿ ಬಂತು. ಅಲ್ಲಿಯವರೆಗೆ ಅವರು ಬಾಗಿಲ ಬಳಿ ಚಾಪೆ ಹಾಸಿಕೊಂಡು ಕೂತರು. ಸ್ನಾನವಾಗದವರಿಗೆ ಬೆಂಚಿಲ್ಲವೆಂಬ ಸಮಾಧಾನ ಸಭೆಗೆ ಸಾಕಾಗಿತ್ತು. ಸ್ನಾನವಾದ ಮೇಲೆ ಎಲ್ಲಿ ಎಂದು ಯಾರೂ ಕೇಳಲಿಲ್ಲ.

ಕೇಳಿದವಳು ದೇಯಿ. ವಾರಕ್ಕೆರಡು ಸಂಜೆ ಮಾಸ್ಟ್ರು ಕೋರೆಯ ಬದಿಯ ಅವರ ಗುಡಿಸಲಿಗೆ ಹೋಗಿ ಪಾಠ ಹೇಳುತ್ತಿದ್ದರು. ದೇವರು ಒಂದು ಜನವನ್ನು ಆರಿಸಿಕೊಂಡದ್ದು ಅವರು ದೊಡ್ಡವರೆಂದಲ್ಲ, ಎಲ್ಲರಿಗಿಂತ ಸಣ್ಣವರಾಗಿದ್ದರು, ಒಳ್ಳೆಯವರೆಂದಲ್ಲ, ಹಟಮಾರಿಗಳಾಗಿದ್ದರು, ಅವರ ಮೂಲಕ ಭೂಮಿಯ ಎಲ್ಲ ಜನರಿಗೂ ಆಶೀರ್ವಾದ ಸಿಗಲಿ ಎಂದು ಆರಿಸಿದ್ದು, ಕ್ರಿಸ್ತನಲ್ಲಿ ಆ ಜನದ ಮನೆಯ ಬಾಗಿಲು ಎಲ್ಲರಿಗೂ ತೆರೆದು, ಹೊರಗಿನವರೂ ಅದೇ ಮನೆಯವರಾದರು. ಇದನ್ನೆಲ್ಲ ಅವರು ತುಳುವಿನಲ್ಲಿ, ಅಡ್ಡಾದಿಡ್ಡಿ ಹೋಗದೆ, ಚೆನ್ನಾಗಿ ಹೇಳಿದರಂತೆ. ದೇಯಿ ಕೊನೆಯವರೆಗೆ ಕೇಳಿ, ಹಾಗಾದರೆ ನಾವು ಯಾವ ಬೆಂಚಿನವರು ಎಂದಳು. ಏಳು ವರ್ಷ ಹೇಳಿಕೊಟ್ಟ ಪಾಠ ಒಂದು ಪ್ರಶ್ನೆಯಲ್ಲಿ ಮಗುಚಿಬಿದ್ದದ್ದನ್ನು ಮಾಸ್ಟ್ರು ಕೂತಲ್ಲೇ ಕಂಡರು. ತನ್ನ ಕೈಯಿಂದಲೇ ಬಾಗಿಲು ಹಾಕಿಯಾಗಿದೆ ಎಂದು ಆ ಸಂಜೆ ಮನೆಗೆ ಬಂದು ಹೆಂಡತಿ ಕರುಣಾವತಿಯವರ ಹತ್ತಿರ ಹೇಳಿ, ಊಟ ಮಾಡದೆ ಮಲಗಿದರು.

ಆದರೂ ಅಧ್ಯಾಪಕರ ಬುದ್ಧಿ ಎಲ್ಲಿ ಹೋಗುತ್ತದೆ? ಮತ್ತೊಂದು ಉಪಾಯ ಹುಡುಕಿದರು. ಶಾಸ್ತ್ರ ತೆಗೆದು ಕುಲಗಳ ಲೆಕ್ಕ ಹಾಕಿದರೆ, ಪಟ್ಟಿ ಎಲ್ಲ ಕಡೆ ಒಂದೇ ಆಗಿಲ್ಲ! ಯೋಸೇಫನ ಹೆಸರಲ್ಲಿ ಒಂದು ಕುಲವಿದ್ದದ್ದು ಮುಂದೆ ಅವನ ಇಬ್ಬರು ಮಕ್ಕಳಾದ ಮನಸ್ಸೆ, ಎಫ್ರಾಯೀಮರ ಹೆಸರಲ್ಲಿ ಎರಡಾಗುತ್ತದೆ. ಲೇವಿಯನ್ನೂ ಸೇರಿಸಿ ಎಣಿಸಿದರೆ ಹದಿಮೂರು. ಅದರಲ್ಲೂ ಆ ಇಬ್ಬರ ತಾಯಿ ಐಗುಪ್ತದವಳು, ಹೊರಗಿನವಳು. ಯಾಕೋಬನು ಆ ಮೊಮ್ಮಕ್ಕಳನ್ನು ಇವರು ನನ್ನ ಮಕ್ಕಳೇ ಎಂದು ಮಡಿಲಿಗೆ ತೆಗೆದುಕೊಂಡಿದ್ದನು. ಮಾಸ್ಟ್ರಿಗೆ ನಿಧಿ ಸಿಕ್ಕಿದಷ್ಟು ಸಂತೋಷ. ಧರ್ಣಪ್ಪ ಆಚಾರಿಗೆ ಹದಿಮೂರನೆಯ ಬೆಂಚಿಗೆ ಮರ ನೋಡಲು ಹೇಳಿ, ಮನಸ್ಸೆ ಎಂದು ಹೆಸರು ಬರೆಯಲಿಕ್ಕುಂಟು ಎಂದು ತಿಳಿಸಿ, ಸೀದಾ ಕೋರೆಗೆ ನಡೆದರು.

ಮುಂಡಪ್ಪನಿಗೆ ಬೆಂಚೇ ಬೇಕಿರಲಿಲ್ಲ. ಚಾಪೆ ಸಾಕು ಮಾಸ್ಟ್ರೆ, ಅಭ್ಯಾಸ ಉಂಟು ಎಂದು ಅವನು ಕೈ ಮುಗಿದ. ದೇಯಿ ಮಾತ್ರ ಕಡಿದ ಕಲ್ಲಿನ ರಾಶಿಗೆ ಒರಗಿ ನಿಂತಳು. ಆಗ ಅವಳು ಹೇಳಿದ ಮಾತನ್ನು ಕುಂದರ್ ಅವರು ಇಂದಿಗೂ ಅಕ್ಷರ ಬಿಡದೆ ಒಪ್ಪಿಸುತ್ತಾರೆ.

"ಈ ಕೋರೆಯಲ್ಲಿ ಇನ್ನು ಮೂರು ಮನೆಯವರು ನಮ್ಮನ್ನೇ ನೋಡ್ತಾ ಇದ್ದಾರೆ ಮಾಸ್ಟ್ರೆ. ಅವರು ಬಂದರೆ ಪುನಃ ಬೆಂಚು ಮಾಡಿಸ್ತೀರಾ? ಅಂಗಳದ ಹೊರಗೆ ನಿಂತು ಸಾಕಾಗಿ ನಾವು ಒಳಗೆ ಬಂದದ್ದು. ಒಳಗೆ ಸಹ ನಮ್ಮ ಜಾಗ ಬೇರೆಯೇ ಅಂತಾದರೆ, ಹೊರಗೆ ಇದ್ದದ್ದು ಎಂಥ ತಪ್ಪು? ಆ ಸ್ನಾನ ನಮಗೆ ಬೇಡ."

ಮಾಸ್ಟ್ರು ದಾರಿಯುದ್ದಕ್ಕೂ ಅವಳ ಮಾತಿಗೆ ಉತ್ತರ ಹುಡುಕಿದರು. ಶಾಸ್ತ್ರದಲ್ಲಿ ಹದಿಮೂರು ಸಿಕ್ಕಿತೇ ಹೊರತು ಹದಿನಾರು ಸಿಗುವಂತಿರಲಿಲ್ಲ; ಸಿಕ್ಕಿದ್ದರೂ ಅದು ಜಾಣತನವಾಗುತ್ತಿತ್ತು, ನ್ಯಾಯವಲ್ಲ. ಮರ ನೋಡುವುದು ಬೇಡವೆಂದು ಆಚಾರಿಗೆ ಹೇಳಿಕಳಿಸಿದರು. ಹೆಸರುಗಳೇ ಹೋಗಬೇಕು. ಹೋಗದಿದ್ದರೆ ಐದು ಜೀವ ಹಿಂದಿನವರಿಗೂ ಬೇಡವಾಗಿ, ಮುಂದಿನವರಿಗೂ ಬೇಡವಾಗಿ ನಡುದಾರಿಯಲ್ಲಿ ನಿಲ್ಲುತ್ತದೆ, ನಿಲ್ಲಿಸಿದವನು ತಾನು.

ಈಸ್ಟರಿಗೆ ಒಂದು ವಾರ ಮುಂಚೆ, ಗರಿಗಳ ಭಾನುವಾರದ ಆರಾಧನೆ ಮುಗಿದ ಮೇಲೆ, ಹಿರಿಯರ ಸಭೆ ಕೂತಿತು. ಕುಂದರ್ ಅವರು ಎದ್ದು ನಿಂತು, ಬೆಂಚುಗಳ ಮೇಲೆ ಹೆಸರು ಬರೆಸಿದ್ದು ನನ್ನ ತಪ್ಪು, ಅದನ್ನು ಅಳಿಸಲು ಅನುಮತಿ ಕೊಡಿ ಎಂದು ಕೇಳಿದರು. ಗದ್ದಲವೆದ್ದಿತು. ಲೇವಿ ಬೆಂಚಿನವರು, ಎಂಟು ವರ್ಷದ ಕ್ರಮವನ್ನು ಒಬ್ಬ ಕಲ್ಲು ಕಡಿಯುವವನಿಗಾಗಿ ಮುರಿಯುವುದೋ ಎಂದರು. ಕೊನೆಗೆ ಸಾಲಿನ್ಸ್ ಎದ್ದರು. ಅವರದು ವಾದವಲ್ಲ, ತೀರ್ಪು. ಹಳೆಯ ಇಸ್ರಾಯೇಲರು ಮಾತು ಕೇಳಲಿಲ್ಲ, ದೇವರು ಅವರನ್ನು ಕೈಬಿಟ್ಟರು, ಅವರ ಜಾಗಕ್ಕೆ ನಮ್ಮ ಹಿರಿಯರನ್ನು ತಂದು ಕೂರಿಸಿದರು. ಕೂತ ಜಾಗವನ್ನು ಜೋಪಾನ ಮಾಡುವುದು ನಮ್ಮ ಧರ್ಮ, ಇಲ್ಲವಾದರೆ ನಮಗೂ ಅದೇ ಗತಿ ಎಂದು ಅವರು ಹೇಳಿದಾಗ ಹಲವರು ತಲೆದೂಗಿದರು.

ತಿಮೊಥಿ ಕುಂದರ್ ಸೌಮ್ಯ ಸ್ವಭಾವದವರು. ಹಿರಿಯರ ಎದುರು ದನಿ ಎತ್ತಿದವರಲ್ಲ. ಆ ದಿನವೂ ಎತ್ತಲಿಲ್ಲ.

"ಸಾಲಿನ್ಸ್ ಹಿರಿಯರೇ, ದೇವರು ಅವರನ್ನು ಕೈಬಿಟ್ಟದ್ದು ನಿಜವಾದರೆ ನಾವು ಇಲ್ಲಿ ಯಾವ ಧೈರ್ಯದಲ್ಲಿ ಕೂರುವುದು? ಒಮ್ಮೆ ಆರಿಸಿ ಆಮೇಲೆ ಬಿಡುವ ದೇವರಾದರೆ ನಾಳೆ ನಮ್ಮನ್ನೂ ಬಿಟ್ಟಾರು. ದೇವರು ಅವರನ್ನು ಬಿಟ್ಟಿಲ್ಲ. ಊರ ಮರಕ್ಕೆ ಕಾಡಿನ ಕೊಂಬೆಯನ್ನು ಕಸಿ ಕಟ್ಟಿದ್ದಾರೆ, ಅಷ್ಟೇ. ಆ ಕಾಡಿನ ಕೊಂಬೆ ನಾವು. ಮುಂಡಪ್ಪನಿಗಿಂತ ಎಪ್ಪತ್ತು ವರ್ಷ ಮೊದಲು ಕಟ್ಟಿದ್ದು, ಬೇರೆ ಏನೂ ಹೆಚ್ಚು ಕಡಿಮೆ ಇಲ್ಲ. ಬೇರು ನಮ್ಮದಲ್ಲ. ಅದನ್ನು ಕಾಯುವ ಕೆಲಸವೂ ನಮ್ಮದಲ್ಲ."

ಸಾಲಿನ್ಸ್ ಅವರ ಮುಖ ಬಿಳಿಚಿಕೊಂಡಿತು. ಅವರು ಶಾಲು ಎತ್ತಿಕೊಂಡು ಹೊರಗೆ ಹೋದರು. ಸಾಲಿನ್ಸ್ ಇಲ್ಲದೆ ತೀರ್ಮಾನ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ. ಸಭೆ ಹಾಗೆಯೇ ಮುರಿಯಿತು.

ಆ ವಾರವನ್ನು ಕರುಣಾವತಿಯಮ್ಮನವರು ನೆನೆಸಿಕೊಳ್ಳುವಾಗ ಈಗಲೂ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ. ಸಾಲಿನ್ಸ್ ಮಂಗಳೂರಿಗೆ ದೂರು ಬರೆದಿದ್ದಾರೆ, ಮಾಸ್ಟ್ರಿಗೆ ವರ್ಗ ಖಂಡಿತ ಎಂಬ ಸುದ್ದಿ ಸೋಮವಾರವೇ ಹಬ್ಬಿತು. ಬುಧವಾರ ಕರುಣಾವತಿಯಮ್ಮ ತಾಮ್ರದ ಪಾತ್ರೆಗಳನ್ನು ಗೋಣಿಯಲ್ಲಿ ಕಟ್ಟಿದರು. ಶುಕ್ರವಾರ, ಶುಭ ಶುಕ್ರವಾರದ ಆರಾಧನೆಗೆ ಸಾಲಿನ್ಸ್ ಬರಲಿಲ್ಲ. ಅವರ ಜೀವಮಾನದಲ್ಲಿ ಅದು ಮೊದಲ ಸಲ. ಬಾಗಿಲ ಬಳಿಯ ಚಾಪೆಯೂ ಖಾಲಿ ಇತ್ತು. ಮಾಸ್ಟ್ರು ಉಪದೇಶದ ನಡುವೆ ಎರಡು ಸಲ ತಡವರಿಸಿದರು. ತನ್ನಿಂದಾಗಿ ಒಂದೇ ವಾರದಲ್ಲಿ ಎರಡು ಮನೆಗಳು ದೇವರ ಮನೆಯಿಂದ ದೂರವಾದವಲ್ಲ ಎಂಬ ಸಂಕಟದಲ್ಲಿ ಅವರಿಗೆ ಶಾಸ್ತ್ರದ ಅಕ್ಷರಗಳೇ ಕಾಣಿಸುತ್ತಿರಲಿಲ್ಲವಂತೆ.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಅವರು ಎದ್ದರು. ಅನುಮತಿ ಬರಲಿ, ಬಿಡಲಿ, ವರ್ಗವಾಗುವುದಾದರೆ ಆಗಲಿ, ತಾನು ಬರೆಸಿದ್ದನ್ನು ತಾನೇ ಅಳಿಸಿ ಹೋಗುವುದೆಂದು ನಿಶ್ಚಯಿಸಿ, ಧರ್ಣಪ್ಪ ಆಚಾರಿಯವರಿಂದ ಮರ ಹೆರೆಯುವ ಒಂದು ಕೀಸುಳಿ ಮತ್ತು ಮರಳುಕಾಗದ ಕೇಳಿ ತಂದರು. ಆಚಾರಿ, ನಾನೇ ಬರ್ತೇನೆ ಮಾರಾಯ್ರೆ, ನಿಮ್ಮ ಕೈಗೆ ಅಭ್ಯಾಸವಿಲ್ಲ ಎಂದರೂ ಕೇಳಲಿಲ್ಲ. ಪ್ರಾರ್ಥನಾಲಯದ ಬಾಗಿಲು ತೆರೆದೇ ಇತ್ತು. ಒಳಗೆ ಯೆಹೂದ ಬೆಂಚಿನಲ್ಲಿ ಸಾಲಿನ್ಸ್ ಒಬ್ಬರೇ ಕೂತಿದ್ದರು. ತೊಡೆಯ ಮೇಲೆ ಸಭೆಯ ಹಳೆಯ ದಾಖಲೆ ಪುಸ್ತಕ.

ಮಾಸ್ಟ್ರು ಕೀಸುಳಿಯನ್ನು ಬೆನ್ನ ಹಿಂದೆ ಅಡಗಿಸಿದರು. ಅಡಗಿಸುವ ವಸ್ತುವೇ ಅದು! ಸಾಲಿನ್ಸ್ ಅದನ್ನು ಕಂಡರೂ ಬೇರೆಯೇ ಮಾತು ತೆಗೆದರು.

"ಮಾಸ್ಟ್ರೆ, ಆ ದಿನ ಹೇಳಿದಿರಲ್ಲ, ದೇವರು ಆರಿಸಿದವರನ್ನು ಬಿಡುವುದಿಲ್ಲ ಅಂತ. ಅದು ಖಂಡಿತವೋ? ಅಲ್ಲ, ನನ್ನ ಬಾಯಿ ಮುಚ್ಚಿಸ್ಲಿಕ್ಕೆ ಹೇಳಿದ್ದೋ?"

"ಖಂಡಿತ. ಅದು ನನ್ನ ಮಾತಲ್ಲ, ಶಾಸ್ತ್ರದ್ದು."

"ಬಿಟ್ಟು ಹೋದವರನ್ನು ಸಹ?"

"ಅವರು ಬಿಟ್ಟು ಹೋಗಬಹುದು. ದೇವರು ಬಿಡುವುದಿಲ್ಲ."

ಸಾಲಿನ್ಸ್ ದಾಖಲೆ ಪುಸ್ತಕವನ್ನು ತೆರೆದು ಮೊದಲ ಪುಟ ತೋರಿಸಿದರು. ಎಪ್ಪತ್ತು ವರ್ಷದ ಹಿಂದೆ ಮೊದಲು ದೀಕ್ಷಾಸ್ನಾನ ಪಡೆದ ಹನ್ನೆರಡು ಮನೆಗಳ ಹೆಸರು ಅಲ್ಲಿದ್ದವು. ನಾಲ್ಕನೆಯ ಹೆಸರು ಅವರ ಅಜ್ಜನದು. ಅದರ ಮೇಲೆ ಅಡ್ಡ ಗೀಟು ಎಳೆದಿತ್ತು. ಗೇಣಿಗೆ ಮಾಡುತ್ತಿದ್ದ ಗದ್ದೆ ಕೈತಪ್ಪುತ್ತದೆಂದು ಹೆದರಿ ಅಜ್ಜ ಎರಡೇ ವರ್ಷದಲ್ಲಿ ಸಭೆ ಬಿಟ್ಟು ಹೋಗಿದ್ದರು. ನಾಲ್ಕು ವರ್ಷ ಕಳೆದು, ಇರಲಾರದೆ, ಅಳುತ್ತ ಹಿಂದೆ ಬಂದರು. ಪುಟದ ಕೊನೆಯಲ್ಲಿ, ಹನ್ನೆರಡರ ಕೆಳಗೆ, ಬೇರೆ ಶಾಯಿಯಲ್ಲಿ, ಅದೇ ಹೆಸರು ಮತ್ತೊಮ್ಮೆ ಬರೆದಿತ್ತು. ಅದರ ಎದುರಿನ ಸಂಖ್ಯೆ ಹದಿಮೂರು. ಗೀಟು ಬಿದ್ದ ಜಾಗ ಹಾಗೆಯೇ ಉಳಿದು ಮನೆಗಳು ಹನ್ನೆರಡೇ ಆದದ್ದರಿಂದ ಹೊರಗಿನವರಿಗೆ ಎಣಿಕೆಯಲ್ಲಿ ವ್ಯತ್ಯಾಸ ಕಾಣಿಸಲಿಲ್ಲ. ಸಾಲಿನ್ಸ್ ಅವರ ತಂದೆ ಸಾಯುವಾಗ ಮಗನಿಗೆ ಪೆಟ್ಟಿಗೆಯ ಬೀಗದ ಕೈ ಕೊಟ್ಟು, ಈ ಪುಟ ಯಾರೂ ನೋಡದ ಹಾಗೆ ಕಾಯಿ ಎಂದು ಮಾತು ತೆಗೆದುಕೊಂಡಿದ್ದರು.

"ಚೀಟಿಯಲ್ಲಿ ಯೆಹೂದ ಬಂದ ದಿನದಿಂದ ನಾನು ಈ ಬೆಂಚಿನಲ್ಲಿ ಹಗುರಾಗಿ ಕೂತದ್ದಿಲ್ಲ ಮಾಸ್ಟ್ರೆ. ಯಾರಾದರೂ ಈ ಪುಟ ನೋಡಿದರೆ ಅಂತ ಹೆದರಿಕೆ. ಅಜ್ಜನನ್ನು ದೇವರು ಕೈಬಿಟ್ಟಿರಬಹುದು, ನಾವು ಸುಮ್ಮನೆ ನಡುವಿನಲ್ಲಿ ನುಗ್ಗಿ ಕೂತಿರಬಹುದು ಅಂತ ಇನ್ನೂ ದೊಡ್ಡ ಹೆದರಿಕೆ. ಶುಭ ಶುಕ್ರವಾರ ಬರಲಿಲ್ಲ, ಬರ್ಲಿಕ್ಕೆ ಕಾಲು ಏಳಲಿಲ್ಲ." ಇಷ್ಟು ಹೇಳಿ ಅವರು ಮೊದಲ ಸಲ ಬೆಂಚಿಗೆ ಬೆನ್ನು ಒರಗಿಸಿದರು.

ಕುಂದರ್ ಅವರು ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡರು. ಇಬ್ಬರೂ ಅತ್ತರು, ಅದನ್ನು ಇಲ್ಲಿ ಬರೆಯಲು ಇಬ್ಬರೂ ಒಪ್ಪಿಗೆ ಕೊಟ್ಟಿದ್ದಾರೆ. ಸ್ವಲ್ಪ ಹೊತ್ತಿನ ಮೇಲೆ ಸಾಲಿನ್ಸ್ ಮೂಗು ಒರೆಸಿಕೊಂಡು, ಆ ಕೀಸುಳಿ ಇತ್ತ ಕೊಡಿ, ನೀವು ಹಿಡಿದ ಕ್ರಮ ನೋಡಿದರೆ ಬೆರಳು ಹೋದೀತು ಎಂದರು. ಯೆಹೂದದಿಂದ ತೊಡಗಿದರು. ಹಲಸಿನ ಮರ ಗಟ್ಟಿ, ಬಣ್ಣ ಆಳಕ್ಕೆ ಇಳಿದಿತ್ತು.

ಸಂಜೆ ನಾಲ್ಕು ಗಂಟೆಗೆ ಕೀಸುಳಿಯ ಸದ್ದು ಕೇಳಿ ಲೇವಿ ಬೆಂಚಿನವರು ಓಡಿಬಂದರು, ಜಗಳಕ್ಕೆಂದೇ ಬಂದರು. ಅಂಗಿ ಬಿಚ್ಚಿಟ್ಟು ಬೆವರುತ್ತ ಕೀಸುತ್ತಿದ್ದ ಸಾಲಿನ್ಸ್ ಹಿರಿಯರನ್ನು ನೋಡಿ ಬಾಗಿಲಲ್ಲೇ ನಿಂತರು. ಸಾಲಿನ್ಸ್ ದಾಖಲೆ ಪುಸ್ತಕವನ್ನು ಅವರ ಕೈಗೆ ಕೊಟ್ಟು, ಮೊದಲ ಪುಟ ಗಟ್ಟಿಯಾಗಿ ಓದಿ ಎಂದರು. ಓದಿದರು. ಓದಿ ಮುಗಿದ ಮೇಲೆ ಒಬ್ಬೊಬ್ಬರಾಗಿ ಮರಳುಕಾಗದ ಎತ್ತಿಕೊಂಡರು. ದಾನ್ ಬೆಂಚಿನ ಹೆಂಗಸರಂತೂ ತೆಂಗಿನ ಚಿಪ್ಪು ಹಿಡಿದುಕೊಂಡೇ ಬಂದು ತಮ್ಮ ಹೆಸರನ್ನು ತಾವೇ ಕೆರೆದು ತೆಗೆದರು, ಅವರ ಸಂತೋಷವನ್ನು ಕೇಳುವುದೇ ಬೇಡ. ಕತ್ತಲಾಗುವುದರೊಳಗೆ ಹನ್ನೆರಡು ಬೆಂಚುಗಳೂ ಬರಿಯ ಹಲಸಿನ ಹಲಗೆಯಾದವು.

ಕೋರೆಗೆ ಹೋಗಿ ಹೇಳಿದವರು ಸಾಲಿನ್ಸ್. ತಾನೇ ಹೋಗುತ್ತೇನೆಂದು ಹಟ ಹಿಡಿದು ಹೋದರು. ಅಲ್ಲಿ ದೇಯಿಯ ಹತ್ತಿರ ಏನು ಮಾತಾಡಿದರೆಂದು ಅವರೂ ಹೇಳಿಲ್ಲ, ಅವಳೂ ಹೇಳಿಲ್ಲ. ಮರುದಿನ ಈಸ್ಟರ್. ಮಂಗಳೂರಿನಿಂದ ಬಂದ ಸಭಾಪಾಲಕರ ಕೈಯಲ್ಲಿ ಯಾವ ದೂರಿನ ಕಾಗದವೂ ಇರಲಿಲ್ಲ, ಯಾರೂ ಬರೆದಿರಲೇ ಇಲ್ಲ. ಕರುಣಾವತಿಯಮ್ಮ ಗೋಣಿ ಬಿಚ್ಚಿ ತಾಮ್ರದ ಹಂಡೆ ತೆಗೆದು ಇಡೀ ಸಭೆಗೆ ಕಾಫಿ ಕಾಯಿಸಿದರು. ಮುಂಡಪ್ಪ, ದೇಯಿ, ಮೂವರು ಮಕ್ಕಳು ದೀಕ್ಷಾಸ್ನಾನ ಪಡೆದರು. ಮುಂದಿನ ಎರಡು ವರ್ಷಗಳಲ್ಲಿ ಕೋರೆಯ ಆ ಮೂರು ಮನೆಗಳೂ ಬಂದವು, ಆಮೇಲೆ ಇನ್ನೂ ನಾಲ್ಕು. ಈಗ ಮುಳಿಪದವಿನಲ್ಲಿ ಬೆಂಚು ಸಾಲದೆ ಎಲ್ಲರೂ ಒತ್ತೊತ್ತಾಗಿ ಕೂರುತ್ತಾರೆ, ತಡವಾಗಿ ಬಂದವರು ನಿಲ್ಲುತ್ತಾರೆ. ಅವರಲ್ಲಿ ಹೆಚ್ಚಿನವರು ಹಳೆಯ ಮನೆಗಳವರು, ಏಕೆಂದರೆ ತಡವಾಗಿ ಬರುವ ಅಭ್ಯಾಸ ಅವರದೇ.

ಆ ಬಳಿಕದ ಎಂಟು ವರ್ಷಗಳ ಸೇವೆಯಲ್ಲಿ ಕುಂದರ್ ಅವರು ದೇವರು ಆರಿಸಿಕೊಂಡ ಜನದ ಪಾಠವನ್ನು ಪ್ರತಿ ವರ್ಷ ಮಾಡಿದರು. ಉಪಾಯ ಮಾತ್ರ ಮಾಡಲಿಲ್ಲ. ನಫ್ತಾಲಿಯಲ್ಲಿ ತಡವರಿಸಿದ ಮಕ್ಕಳನ್ನು ತಡವರಿಸಲು ಬಿಟ್ಟರು. ಯೆಹೂದ್ಯರ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ, ಅವರು ನಮಗಿಂತ ಮುಂಚೆ ಬಂದ ಮಕ್ಕಳು ಎಂದಷ್ಟೇ ಹೇಳಿ ತಡೆಯುತ್ತಿದ್ದರು. ಬೆಂಚುಗಳ ಸಂಗತಿಯನ್ನು ಹೊಸ ಉಪದೇಶಕರಿಗೆ ತಾವೇ ಕರೆದು ಹೇಳುತ್ತಿದ್ದರು, ತಮ್ಮ ತಪ್ಪಿನ ಭಾಗವನ್ನು ಸ್ವಲ್ಪ ಹೆಚ್ಚಿಸಿಯೇ ಹೇಳುತ್ತಿದ್ದರು.

ನಿವೃತ್ತಿಯ ಬಳಿಕ ಅವರು ಬಂಟ್ವಾಳದ ತಮ್ಮ ತಂಗಿಯ ಮನೆಯ ಹತ್ತಿರ ನೆಲಸಲಿದ್ದಾರೆ, ಅಲ್ಲಿಯ ಮಕ್ಕಳಿಗೆ ಪಾಠ ಹೇಳುವ ಏರ್ಪಾಟು ಈಗಾಗಲೇ ಆಗಿದೆ ಎಂದು ತಿಳಿದುಬಂದಿದೆ. ಸುಮ್ಮನೆ ಕೂರುವ ಜೀವ ಅದಲ್ಲ. ಅವರ ಗಂಟಲು ಇನ್ನೂ ಬಹುಕಾಲ ಗಟ್ಟಿಯಾಗಿರಲಿ, ಕಣ್ಣು ಮಂಜಾಗದಿರಲಿ, ಬಸ್ಸುಗಳು ಇನ್ನಾದರೂ ಅವರಿಗಾಗಿ ಕಾಯಲಿ, ಕರುಣಾವತಿಯಮ್ಮನವರು ಪಾತ್ರೆ ಕಟ್ಟುವ ಪ್ರಸಂಗ ಇದೇ ಕೊನೆಯದಾಗಲಿ ಎಂದು ನಾವೆಲ್ಲರೂ ದೇವರಲ್ಲಿ ಬೇಡುತ್ತೇವೆ.

ಈ ಲೇಖನಕ್ಕಾಗಿ ಒಂದು ವಿವರ ಬೇಕಾಗಿತ್ತು. ದೀಕ್ಷಾಸ್ನಾನವಾದ ಆ ಈಸ್ಟರ್ ಬೆಳಿಗ್ಗೆ ದೇಯಿ ಮೊದಲು ಹೋಗಿ ಕೂತದ್ದು ಯಾವ ಬೆಂಚಿನಲ್ಲಿ ಎಂದು ಸಭೆಯ ಮನೆಮನೆಗೆ ಹೋಗಿ ಕೇಳಲಾಯಿತು. ಸಾಲಿನ್ಸ್ ಅವರಿಗೆ ನೆನಪಿಲ್ಲ. ಲೇವಿ ಬೆಂಚಿನವರಿಗೆ ನೆನಪಿಲ್ಲ, ತಮ್ಮದು ಯಾವ ಬೆಂಚಾಗಿತ್ತೆಂಬುದೇ ಅವರಿಗೆ ಈಗ ಗೊಂದಲ. ದೇಯಿಯನ್ನು ಕೇಳಿದರೆ, ಮಗು ಅಳುತ್ತಿತ್ತು, ಎಲ್ಲಿ ಜಾಗ ಕಂಡಿತೋ ಅಲ್ಲಿ ಕೂತೆ ಎಂದಳು. ಈ ಸುದ್ದಿಯನ್ನು ಕುಂದರ್ ಅವರಿಗೆ ಮುಟ್ಟಿಸಿದಾಗ ಅವರು ಬಹಳ ಹೊತ್ತು ನಕ್ಕರು. ನಕ್ಕು, ಕಣ್ಣು ಒರೆಸಿಕೊಂಡು, "ಯಾರಿಗೂ ನೆನಪಿಲ್ಲ ಅಲ್ವಾ? ಹಾಗಾದರೆ ನಾನು ಇನ್ನು ಹೋಗಬಹುದು" ಎಂದರು.